ಹೆರಿಗೆಮನೆಯ ಪದಗಳು ಮತ್ತು ನಮ್ಮ ಕೇರಿ

ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳನ್ನು ಓದಿ ಹೇಳುವ ಮಾತು ಎಂದು ನಮ್ಮ ಮೇಷ್ಟ್ರುಗಳು ಕಲಿಸಿದ್ದಾರೆ. ಆಸ್ಪತ್ರೆ ಗೋಡೆಯ ಮೇಲಿನ ಬರಹ, ತಾಯಿ ಕಾರ್ಡು, ಆಪರೇಷನ್ನಿಗೆ ಮುಂಚೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದ, ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠ, ಇವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಆದರೆ ನಮ್ಮ ಅವ್ವಂದಿರಿಗೆ, ಅಕ್ಕಂದಿರಿಗೆ ಜೀವಮಾನದಲ್ಲಿ ಎದುರಾಗುವ ಬರಹ ಇಷ್ಟೇ. ಅವರು ಕುವೆಂಪು ಓದಿಲ್ಲ, ಬೇಂದ್ರೆ ಓದಿಲ್ಲ. ಹೆಬ್ಬೆಟ್ಟು ಒತ್ತಿದ ಕಾಗದವನ್ನೂ ಓದಿಲ್ಲ. ಆ ಓದದ ಕಾಗದದ ಬಲದ ಮೇಲೆ ಅವರ ಹೊಟ್ಟೆ ಕೊಯ್ದಿದ್ದಾರೆ. ಹಾಗಿದ್ದ ಮೇಲೆ ಯಾವುದನ್ನು ಮೊದಲು ವಿಮರ್ಶೆ ಮಾಡಬೇಕು, ಗೆಳೆಯರೇ?

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದದ್ದಕ್ಕೆ ಈ ನಾಡು ಹತ್ತಿ ಉರಿಯಿತು. ಅವರು ಸಾಹಿತ್ಯದ ಬಗ್ಗೆ ಹೇಳಿದರು. ನಾವು ಈ ಮಾತನ್ನು ಪದಕೋಶಗಳಿಗೂ ಹೇಳಬೇಕಾಗಿದೆ. ಹೆಂಗಸಿನ ಬಸಿರು, ಹೆರಿಗೆ, ಮುಟ್ಟುಗಳಿಗೆ ನಮ್ಮ ವಿದ್ಯಾವಂತರು ಇಟ್ಟಿರುವ ಹೆಸರುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಇದರಲ್ಲಿ ಕಾಳೆಷ್ಟು, ಬೂಸಾ ಎಷ್ಟು ಎಂದು ಕೇರಿ ನೋಡೋಣ.

1

ನಮ್ಮ ಹೆಂಗಸರ ಮೈಯ ಬಗ್ಗೆ ಮೂರು ಭಾಷೆಗಳು ಮಾತಾಡುತ್ತವೆ. ಒಂದು ಆಸ್ಪತ್ರೆಯ ಇಂಗ್ಲಿಷು. ಇನ್ನೊಂದು ಪಠ್ಯಪುಸ್ತಕದ ಸಂಸ್ಕೃತ. ಮೂರನೆಯದು ಕೇರಿಯ, ಹಟ್ಟಿಯ, ತಾಂಡಾದ ಮಾತು. ಮೊದಲೆರಡು ಬರೆಯುವ ಭಾಷೆ. ಮೂರನೆಯದು ನೋಯುವವಳ ಭಾಷೆ.

ಪಠ್ಯಪುಸ್ತಕ ಮತ್ತು ವೈದ್ಯಪದಕೋಶಗಳನ್ನು ತೆರೆಯಿರಿ. ಜರಾಯು, ಡಿಂಬನಾಳ, ಗರ್ಭಕಂಠ, ಶ್ವೇತಪ್ರದರ, ರಜೋನಿವೃತ್ತಿ. ಇಂಗ್ಲಿಷ್ ಬಾರದ ಕನ್ನಡಿಗರಿಗೆ ತಿಳಿಯಲಿ ಎಂದೇ ಈ ಪದಗಳನ್ನು ಕಟ್ಟಿದ್ದು. ಯಾವ ಕನ್ನಡಿಗರಿಗೆ ತಿಳಿಯಿತು? ಮಾಸು ಎಂದರೆ ಎಲ್ಲರಿಗೂ ಗೊತ್ತಿತ್ತು, ಅದನ್ನು ಜರಾಯು ಮಾಡಿದರು. ಬಿಳಿ ಹೋಗುವುದು ಎಂದು ಅಕ್ಕತಂಗಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಅದನ್ನು ಶ್ವೇತಪ್ರದರ ಮಾಡಿದರು. ಮುಟ್ಟು ನಿಲ್ಲುವುದು ರಜೋನಿವೃತ್ತಿ ಆಯಿತು. ಇಂಗ್ಲಿಷಿನ ಬೀಗ ತೆಗೆದು ಸಂಸ್ಕೃತದ ಬೀಗ ಹಾಕಿದರು. ಬಾಗಿಲ ಹೊರಗೆ ನಿಂತವಳು ಹೊರಗೇ ನಿಂತಳು.

ಕನ್ನಡದಲ್ಲಿ ಈ ಬಾಗಿಲನ್ನು ತಳ್ಳಿದವರೂ ಇದ್ದಾರೆ. ಡಾಕ್ಟರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು', 'ಕೇಳು ಕಿಶೋರಿ' ಮುಂತಾದ ಪುಸ್ತಕ ಬರೆದು, ಗುಟ್ಟಾಗಿ ಪಿಸುಗುಟ್ಟುತ್ತಿದ್ದುದನ್ನು ಅಚ್ಚಿನಲ್ಲಿ ಹೇಳಿದರು. ಅದು ಸಣ್ಣ ಕೆಲಸವಲ್ಲ. ಆದರೆ ಆ ಪುಸ್ತಕಗಳು ಓದುಬಲ್ಲ ಮನೆಗಳಿಗೆ ಹೋದವು. ಓದಲಾಗದ ಮನೆಯ ಹೆಣ್ಣಿಗೆ ಯಾರು ಬರೆಯಬೇಕು, ಯಾವ ಪದದಲ್ಲಿ ಬರೆಯಬೇಕು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಮೊದಲ ತಲೆಮಾರಿಗೆ ಡಿಗ್ರಿ ಹಿಡಿದ ನಮ್ಮಂಥವರು ಉತ್ತರ ಕೊಡಬೇಕಾದ ಪ್ರಶ್ನೆ ಅದು. ಯಾಕೆಂದರೆ ಮೂರು ಭಾಷೆಯಲ್ಲೂ ಕಾಲಿಟ್ಟವರು ನಾವು. ಜರಾಯು ಬರೆದು ಮಾರ್ಕು ತಗೊಂಡು, ಮನೆಗೆ ಬಂದು ಮಾಸು ಎಂದು ಮಾತಾಡಿದವರು.

2

ಇಂಗ್ಲಿಷಿನ ವೈದ್ಯವೇನೂ ತಟಸ್ಥವಾದ ವಿಜ್ಞಾನವಲ್ಲ. ಅದರ ಪದಗಳಿಗೂ ಕುಲಗೋತ್ರ ಉಂಟು.

'ವಜೈನಾ' ಎಂಬುದು ಲ್ಯಾಟಿನ್ನಿನಲ್ಲಿ ಕತ್ತಿಯ ಒರೆ. ಅಂದರೆ ಹೆಂಗಸಿನ ಅಂಗಕ್ಕೆ ಹೆಸರಿಟ್ಟದ್ದು ಕತ್ತಿ ಹಿಡಿದವನ ಕಡೆಯಿಂದ ನೋಡಿ. ಹೆಂಗಸಿನ ಹೊರ ಜನನಾಂಗಕ್ಕೆ ಅಂಗರಚನಾಶಾಸ್ತ್ರ 'ಪ್ಯುಡೆಂಡಮ್' ಎನ್ನುತ್ತಿತ್ತು. ಅದರರ್ಥ ನಾಚಿಕೆ ಪಡಬೇಕಾದದ್ದು. ಅಂತರರಾಷ್ಟ್ರೀಯ ಪದಪಟ್ಟಿಯಿಂದ ಆ ಹೆಸರನ್ನು ತೆಗೆಯಲು 2019ರ ಪರಿಷ್ಕರಣೆ ಬರಬೇಕಾಯಿತು. ಅಲ್ಲಿಗೆ ಹೋಗುವ ನರಕ್ಕೆ ಆ ನಾಚಿಕೆಯ ಹೆಸರೇ ಉಳಿದಿದೆ. 'ಹಿಸ್ಟೀರಿಯಾ' ಎಂಬುದು ಗರ್ಭಕೋಶಕ್ಕಿರುವ ಗ್ರೀಕ್ ಪದದಿಂದ ಬಂದದ್ದು. ಹೆಂಗಸು ಅತ್ತರೆ, ಸಿಟ್ಟಾದರೆ, ಮೈಮೇಲೆ ಬಂದಂತೆ ಕೂಗಿದರೆ ತಪ್ಪು ಗರ್ಭಕೋಶದ್ದು! ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯಿಂದ ಈ ಹೆಸರನ್ನು ಕೈಬಿಟ್ಟದ್ದು 1980ರಲ್ಲಿ.

ಬಸಿರು ನಿಲ್ಲದವಳ ಗರ್ಭದ ಬಾಯಿಗೆ ಡಾಕ್ಟರುಗಳು 'ಇನ್‌ಕಾಂಪಿಟೆಂಟ್' ಎಂದು ಬರೆಯುತ್ತಾರೆ. ಅಸಮರ್ಥ ಎಂದರ್ಥ. ಬೇನೆ ಬಂದೂ ಹೆರಿಗೆ ಮುಂದುವರಿಯದಿದ್ದರೆ 'ಫೇಲ್ಯೂರ್ ಟು ಪ್ರೋಗ್ರೆಸ್'. ಹೆಣ್ಣಿನ ಮೈಗೂ ಪಾಸು ಫೇಲು. ಬಸಿರು ಮತ್ತೆ ಮತ್ತೆ ಇಳಿದುಹೋದವಳನ್ನು 'ಹ್ಯಾಬಿಚುವಲ್ ಅಬಾರ್ಟರ್' ಎಂದು ಕರೆಯುತ್ತಿದ್ದರು. ಕಳ್ಳತನವನ್ನು ಚಾಳಿ ಮಾಡಿಕೊಂಡವನಿಗೆ ಪೊಲೀಸರು ಹೇಳುವ ಮಾತಿನ ಹಾಗೆ. ಕೂಸು ಕಳಕೊಂಡು ಕೂತವಳಿಗೆ ಇದು ಬಿರುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು 'ಡೆಲಿವರಿ' ಎಂಬ ಪದ. ಈಗ ಹಳ್ಳಿಹಳ್ಳಿಯಲ್ಲೂ ಇದೇ ಮಾತು. "ಡಾಕ್ಟ್ರಮ್ಮ ಡೆಲಿವರಿ ಮಾಡಿದ್ರು" ಅನ್ನುತ್ತಾರೆ. ಈ ವಾಕ್ಯದಲ್ಲಿ ಕರ್ತೃ ಯಾರು? ಡಾಕ್ಟರಮ್ಮ. ಹೆತ್ತವಳು ಎಲ್ಲಿ? ವಾಕ್ಯದಲ್ಲೇ ಇಲ್ಲ. ಈಗ ಇದನ್ನು ನಮ್ಮ ಕನ್ನಡದಲ್ಲಿ ಹೇಳಿ ನೋಡಿ. "ಡಾಕ್ಟ್ರಮ್ಮ ಹೆತ್ತರು" ಎನ್ನಲಿಕ್ಕೆ ಆಗುತ್ತದೆಯೇ? ಜನ ನಗುತ್ತಾರೆ. 'ಹೆರು' ಎಂಬ ಕ್ರಿಯಾಪದಕ್ಕೆ ಹೆತ್ತವಳೇ ಕರ್ತೃ, ಬೇರೆಯವರು ಆಗಲಿಕ್ಕೆ ಭಾಷೆಯೇ ಬಿಡುವುದಿಲ್ಲ. ಬೇರೆಯವರೇನಿದ್ದರೂ ಹೆರಿಗೆ 'ಮಾಡಿಸ'ಬಹುದು. ಹಳಗನ್ನಡದಲ್ಲಿ 'ಪೆರ್' ಎಂದರೆ ಪಡೆಯುವುದು, ಗಳಿಸುವುದು ಎಂಬ ಅರ್ಥವೂ ಉಂಟು. ಉತ್ತರ ಕರ್ನಾಟಕದ 'ಹಡೆದವ್ವ' ಎಂಬಲ್ಲಿಯೂ ಇರುವುದು ಅದೇ 'ಪಡೆ'. ನಮ್ಮ ಭಾಷೆಯ ಪ್ರಕಾರ ಹೆರುವುದು ಎಂದರೆ ಹೆಣ್ಣು ದುಡಿದು ಗಳಿಸುವುದು.

ಇನ್ನು 'ನಾರ್ಮಲ್'. ಕೆಳಗೆ ಕತ್ತರಿಸಿ, ಹೊಲಿಗೆ ಹಾಕಿ, ತಿಂಗಳು ಕೂರಲಾಗದ ಹಾಗೆ ಮಾಡಿದರೂ ಅದು ನಾರ್ಮಲ್ಲೇ. ನಾರ್ಮಲ್ ಅಲ್ಲದ್ದು ಸಿಜೇರಿಯನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಜೇರಿಯನ್. ಜನಸಮುದಾಯದ ಮಟ್ಟದಲ್ಲಿ ಈ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಸಾವುಗಳು ಇನ್ನಷ್ಟು ಕಡಿಮೆಯಾಗುವುದು ಕಂಡಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಮೂರರಲ್ಲಿ ಒಬ್ಬಳ ಹೊಟ್ಟೆ ಕೊಯ್ಯುವ ನಾಡಿನಲ್ಲಿ ಯಾವುದು ನಾರ್ಮಲ್, ಯಾರಿಗೆ ನಾರ್ಮಲ್ ಎಂದು ಕೇಳುವ ಹಕ್ಕು ನಮಗಿದೆ.

3

ಇಂಗ್ಲಿಷು, ಸಂಸ್ಕೃತ ಬೈದು ನಮ್ಮ ಕನ್ನಡ ಚಿನ್ನ ಎಂದು ಕೂತರೆ ಅದು ಬಂಡಾಯವಲ್ಲ. ಭಾಷಾಭಿಮಾನದ ಹಬ್ಬ ಆಗುತ್ತದೆ, ಅಷ್ಟೆ. ನಮ್ಮ ಮನೆಯ ಮಾತನ್ನೂ ಬಿಸಿಲಿಗೆ ಹಾಕೋಣ.

'ಮುಟ್ಟು' ಎಂಬ ಪದ ನೋಡಿ. ಕೈ ತಾಗಿಸುವುದೂ ಮುಟ್ಟು, ಹೆಂಗಸಿನ ತಿಂಗಳೂ ಮುಟ್ಟು. ಮುಟ್ಟಾದವಳನ್ನು ಮುಟ್ಟುವ ಹಾಗಿಲ್ಲ. ಅವಳು 'ಹೊರಗಾಗುತ್ತಾಳೆ', 'ಕಡೆಗೆ ಕೂರುತ್ತಾಳೆ'. ಹೊರಗೆ, ಕಡೆಗೆ, ಮುಟ್ಟಬಾರದು. ಈ ಮೂರು ಮಾತುಗಳನ್ನು ಬೇರೆಲ್ಲಿ ಕೇಳಿದ್ದೇವೆ? ನಮ್ಮ ಕೇರಿ ಊರ ಹೊರಗೆ. ಹೋಟ್ಲಲ್ಲಿ ನಮಗೆ ಕಡೆಗೆ ಜಾಗ. ನಮ್ಮನ್ನು ಮುಟ್ಟಬಾರದು. ಮೇಲುಜಾತಿ ಹೆಂಗಸು ತಿಂಗಳಿಗೆ ಮೂರು ದಿನ ಆಗುವುದನ್ನು ನಮ್ಮ ಜನ ಮೂವತ್ತು ದಿನವೂ ಆಗಿದ್ದಾರೆ. ಕೇರಿಯ ಹೆಣ್ಣು ಹೊರಗಿನವರಿಗೂ ಹೊರಗಿನವಳು.

ಇದಕ್ಕೂ ಮುಂದೆ ಒಂದು ಪದ ಇದೆ. 'ಹೊಲೆ'. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಹೊಲೆ ಎಂದರೆ ಮುಟ್ಟು, ಹೊಲೆ ಎಂದರೆ ಹೆರಿಗೆಯ ಮೈಲಿಗೆ, ಹೊಲೆ ಎಂದರೆ ಹೊಲಸು. ಮನುಷ್ಯ ಹುಟ್ಟಿ ಬರುವ ನೆತ್ತರಿಗೂ, ಒಂದು ಇಡೀ ಜಾತಿಗೂ ಒಂದೇ ಬೇರಿನಿಂದ ಹೆಸರು! ಹೊಲೆಯ ಎಂಬುದು ಹೊಲದಿಂದ ಬಂತು, ನೆಲದ ಒಡೆಯ ಎಂಬರ್ಥ ಎನ್ನುವವರೂ ಇದ್ದಾರೆ. ಅದು ನಿಜವಿರಲಿ ಎಂದು ನಮಗೂ ಆಸೆ. ಆದರೆ ಊರು ನಮ್ಮನ್ನು ಕೂಗಿದ್ದು ಹೊಲದ ಅರ್ಥದಲ್ಲಲ್ಲ, ಹೊಲೆಯ ಅರ್ಥದಲ್ಲಿ. ಜಾತಿಯ ಅಸ್ಪೃಶ್ಯತೆ, ಹೆಂಗಸಿನ ಅಸ್ಪೃಶ್ಯತೆ ಎರಡು ಬೇರೆ ಬೇರೆ ಹೋರಾಟ ಎನ್ನುವ ಗೆಳೆಯರು ಈ ಒಂದು ಪದವನ್ನು ಎರಡು ದಿನ ಬಾಯಲ್ಲಿಟ್ಟುಕೊಂಡು ಅಗಿಯಬೇಕು.

ಹನ್ನೆರಡನೇ ಶತಮಾನದವರು ಇದನ್ನು ಅಗಿದಿದ್ದರು. ಬಸವಣ್ಣ ಒಂದು ವಚನದಲ್ಲಿ ಹೊಲೆ ಎಂಬ ಪದವನ್ನು ಮುಟ್ಟಿನ ಅರ್ಥದಲ್ಲೇ ಎತ್ತಿಕೊಂಡು, ಅದಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲ ಎನ್ನುತ್ತಾರೆ. ಜಗತ್ತಿನಲ್ಲಿ ಕಿವಿಯಿಂದ ಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದೂ ಕೇಳುತ್ತಾರೆ. ಕುಲದ ಮದಕ್ಕೆ ಅವರು ಕೊಟ್ಟ ಉತ್ತರ ಹೆರಿಗೆಮನೆಯ ಉತ್ತರ. ಶರಣರು ತಿರಸ್ಕರಿಸಿದ ಪಂಚಸೂತಕಗಳ ಪಟ್ಟಿಯಲ್ಲಿ ಜಾತಿ, ಜನನ, ಮುಟ್ಟು ಒಂದೇ ಸಾಲಿನಲ್ಲಿ ಕೂತಿವೆ. ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರು ಬಹಳ. ಬದುಕಿದವರು ಎಷ್ಟು?

ಎಷ್ಟು ಎಂಬುದಕ್ಕೆ ಒಂದು ಸಾಕ್ಷಿ. 2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕ ಎಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಕೂಸು ಸತ್ತಿತು. ಮುಟ್ಟಾದವರನ್ನು, ಬಾಣಂತಿಯರನ್ನು ಹೀಗೆ ಹೊರಗಿಡುವುದನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲೂ ಇದೆ. ಕಾಯ್ದೆ ಪುಸ್ತಕದಲ್ಲಿದೆ, ಸೂತಕ ಬಾಯಲ್ಲಿದೆ. ಬಾಯಿ ಗೆದ್ದಿತು. ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡು ಹಂಚುವ ನಮ್ಮ ಸರ್ಕಾರದ ಯೋಜನೆಗೂ ಇಟ್ಟ ಹೆಸರು 'ಶುಚಿ'. ಪ್ಯಾಡು ಬೇಕು, ಖಂಡಿತ ಬೇಕು. ಆದರೆ ಹೆಸರಿಟ್ಟವರ ತಲೆಯಲ್ಲಿ ಅವಳು ಅಶುಚಿ ಎಂಬುದು ಮೊದಲೇ ಕೂತಿತ್ತು.

ಮಾಸಿನ ಕತೆಯೂ ಇದೇ. ಮಾಸು ಎಂದರೆ ಕೊಳೆ ಎಂಬ ಅರ್ಥವೂ ಉಂಟು. ಮಾಸಿದ ಸೀರೆ ಅನ್ನುತ್ತೇವಲ್ಲ, ಅದು. ಕೆಲವು ಕಡೆ ಇದಕ್ಕೆ ಕಸ ಎಂದೇ ಹೆಸರು. ಒಂಬತ್ತು ತಿಂಗಳು ಕೂಸಿಗೆ ಅನ್ನ ಕೊಟ್ಟು, ಉಸಿರು ಕೊಟ್ಟು ಸಾಕಿದ ಅಂಗ, ಕೆಲಸ ಮುಗಿದ ಮರುಗಳಿಗೆ ಕಸ. ಆ ಕಸ ಎತ್ತುವವರು ಯಾರು? ಹೊಕ್ಕುಳಬಳ್ಳಿ ಕೊಯ್ಯುವುದು, ಮಾಸು ಹೂಳುವುದು, ಬಾಣಂತಿಯ ಬಟ್ಟೆ ಒಗೆಯುವುದು ಹಲವು ಊರುಗಳಲ್ಲಿ ಕೇರಿಯ ಹೆಂಗಸರ ಪಾಲು, ಕ್ಷೌರಿಕರ ಮನೆಯ, ಅಗಸರ ಮನೆಯ ಹೆಂಗಸರ ಪಾಲು. ಕೂಸು ಒಳಗೆ ಹೋಯಿತು. ಕೂಸನ್ನು ಹಿಡಿದ ಕೈ ಹಿತ್ತಲಿಂದ ಹೊರಗೆ ಹೋಯಿತು.

4

ಆ ಕೈಯ ಹೆಸರು ಸೂಲಗಿತ್ತಿ. ಸೂಲು ಎಂದರೆ ಬಸಿರು, ಹೆರಿಗೆ. ಅದರ ಕಸುಬು ಬಲ್ಲವಳು ಸೂಲಗಿತ್ತಿ. ಇಂಗ್ಲಿಷಿನ 'ಅಬ್‌ಸ್ಟೆಟ್ರಿಕ್ಸ್' ಎಂಬ ದೊಡ್ಡ ಶಾಸ್ತ್ರದ ಹೆಸರೂ ಸೂಲಗಿತ್ತಿಗಿರುವ ಲ್ಯಾಟಿನ್ ಪದದಿಂದಲೇ ಬಂದದ್ದು. ಎದುರಿಗೆ ನಿಲ್ಲುವವಳು ಎಂದು ಅದರರ್ಥ. ಹೆಸರು ಉಳಿಯಿತು, ಎದುರಿಗೆ ನಿಂತವಳು ಹೊರಟುಹೋದಳು.

ಅಂತರರಾಷ್ಟ್ರೀಯ ಆರೋಗ್ಯದ ಕಡತಗಳಲ್ಲಿ ಅವಳು 'ಟಿಬಿಎ' ಆದಳು. ಸಾಂಪ್ರದಾಯಿಕವಾಗಿ ಹೆರಿಗೆಗೆ ಹಾಜರಿರುವವಳು ಎಂದಷ್ಟೇ ಆ ಮೂರಕ್ಷರದ ಅರ್ಥ. ಅವಳು ಏನೂ ಮಾಡುವುದಿಲ್ಲ, ಹಾಜರಿರುತ್ತಾಳೆ! 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಕುಶಲ' ಸಹಾಯಕರು ಯಾರು ಎಂದು ಗೆರೆ ಎಳೆದಾಗ, ತರಬೇತಿ ಪಡೆದಿದ್ದರೂ ಸರಿಯೇ, ಇವಳನ್ನು ಆಚೆಗೆ ಇಟ್ಟಿತು. ನಾವು ಅವಳನ್ನು ಹೊಗಳಿ ದೇವರು ಮಾಡಲು ಹೊರಟಿಲ್ಲ. ತುಕ್ಕು ಹಿಡಿದ ಕುಡುಗೋಲಿನಿಂದ ಬಳ್ಳಿ ಕೊಯ್ದು ಕೂಸುಗಳು ಧನುರ್ವಾಯುವಿನಿಂದ ಸತ್ತದ್ದೂ ಕೇರಿಗಳಲ್ಲೇ. ನೆತ್ತರು ಹರಿಯತೊಡಗಿದರೆ ರಕ್ತ ಕೊಡುವ ಆಸ್ಪತ್ರೆ ಬೇಕು. ಅದು ನಮ್ಮ ಹಕ್ಕು. ನಮ್ಮ ತಕರಾರು ಇಷ್ಟು: ಅವಳ ಕೈಯ ಕಸುಬನ್ನು ಅಜ್ಞಾನ ಎಂದು ಕರೆದು, ಅವಳು ಮಾಡಿದ ಚಾಕರಿಯನ್ನು ಜಾನಪದ ಎಂದು ಕರೆದು, ಸಂಬಳ ಮಾತ್ರ ಯಾರೂ ಕೊಡಲಿಲ್ಲ.

ಯಾರ ಕೈ ಮೈಲಿಗೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಲೆಕ್ಕ ಸಿಕ್ಕಿದೆ. ಆಸ್ಟ್ರಿಯಾದ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರುಗಳೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಾರಣ ಕಂಡುಹಿಡಿದ. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ನಮ್ಮ ಕೈ ಮೈಲಿಗೆಯೇ ಎಂದು ದೊಡ್ಡ ಡಾಕ್ಟರುಗಳು ಅವನ ಮೇಲೆ ಎಗರಿಬಿದ್ದರು. ಮೈಲಿಗೆ ಜಾತಿಯಲ್ಲಿ ಇರುವುದಿಲ್ಲ, ತೊಳೆಯದ ಕೈಯಲ್ಲಿ ಇರುತ್ತದೆ. ಇಷ್ಟು ಮಾತನ್ನು ಪ್ರತಿ ಹಳ್ಳಿ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರೆ ಅರ್ಧ ಬಂಡಾಯ ಆದ ಹಾಗೆ.

ತುಮಕೂರು ಜಿಲ್ಲೆ ಪಾವಗಡದ ಸೂಲಗಿತ್ತಿ ನರಸಮ್ಮ ಎಪ್ಪತ್ತು ವರ್ಷ ಬಿಡಿಗಾಸು ಮುಟ್ಟದೆ ಹದಿನೈದು ಸಾವಿರ ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಕಸುಬಿನ ಹೆಸರು ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಅದೇ ತುಮಕೂರಿನಲ್ಲಿ 2022ರ ನವೆಂಬರಿನಲ್ಲಿ ಬೇನೆ ಬಂದ ಬಡ ಹೆಂಗಸೊಬ್ಬಳು ಸರ್ಕಾರಿ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡಿಲ್ಲ, ಆಧಾರಿಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಮನೆಯಲ್ಲೇ ಹೆತ್ತು, ಅವಳೂ ಸತ್ತಳು, ಅವಳಿ ಕೂಸುಗಳೂ ಸತ್ತವು. ಆಮೇಲೆ ಸಿಬ್ಬಂದಿಯ ಅಮಾನತು ಆಯಿತು. 'ತಾಯಿ' ಎಂಬ ಪದ ಕಾರ್ಡಿನ ಹೆಸರಾದ ಮೇಲೆ, ಕಾರ್ಡಿಲ್ಲದವಳು ಬೇನೆ ತಿನ್ನುತ್ತಿದ್ದರೂ ತಾಯಿ ಅಲ್ಲ. ನರಸಮ್ಮ ಯಾರ ಹತ್ತಿರ ಕಾರ್ಡು ಕೇಳಿದ್ದರು?

5

ನಮ್ಮ ಹೆಂಗಸರಿಗೆ ತಮ್ಮ ಮೈಯ ಬಗ್ಗೆ ಹೇಳಲು ಬರುವುದಿಲ್ಲ ಎಂಬುದು ಆಸ್ಪತ್ರೆಯ ದೂರು. ಪರೀಕ್ಷೆ ಮಾಡೋಣ.

"ಎಲ್‌ಎಂಪಿ ಯಾವಾಗಮ್ಮ?" ಎಂದು ನರ್ಸು ಕೇಳುತ್ತಾರೆ. ಹುಡುಗಿ ಪಿಳಿಪಿಳಿ ನೋಡುತ್ತಾಳೆ. ಕೊನೆಯ ಸಲ ಮುಟ್ಟಾದದ್ದು ಯಾವಾಗ ಅಂತ ಕೇಳಿದ್ದರೆ, "ಯುಗಾದಿ ಕಳೆದು ಎಂಟು ದಿನಕ್ಕೆ ನೀರು ಹಾಕ್ಕೊಂಡಿದ್ದೆ ಕನಕ್ಕಾ, ಆಮ್ಯಾಕೆ ಆಗಿಲ್ಲ" ಎಂದು ದಿನ ಸಮೇತ ಹೇಳುತ್ತಿದ್ದಳು. ಆಸ್ಪತ್ರೆಯ ಹೆರಿಗೆ ಲೆಕ್ಕ ಜರ್ಮನಿಯ ನೇಗೆಲೆ ಎಂಬ ಡಾಕ್ಟರನ ಹೆಸರಿನದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸುವುದು. ನಮ್ಮ ಮುದುಕಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಾರೆ. ಎರಡು ದಿನದ ವ್ಯತ್ಯಾಸಕ್ಕೆ ಒಬ್ಬರದು ಶಾಸ್ತ್ರ, ಇನ್ನೊಬ್ಬರದು ಮೌಢ್ಯ.

'ನಂಜು' ಎಂಬ ಇನ್ನೊಂದು ಪದ ತೆಗೆದುಕೊಳ್ಳಿ. ಬಸುರಿಯ ಕಾಲು ಊದಿದರೆ ನಂಜು ಇಳಿದಿದೆ ಅನ್ನುತ್ತಾರೆ. ಬಾಣಂತಿಗೆ ಜ್ವರ ಬಂದರೂ ನಂಜು. ಓದಿದವರು ನಗುತ್ತಾರೆ. ಆದರೆ ಬಸುರಿಗೆ ಬಿಪಿ ಏರಿ, ಮೈ ಊದಿ, ಫಿಟ್ಸು ಬರುವ ಕಾಯಿಲೆಗೆ ಇಂಗ್ಲಿಷ್ ವೈದ್ಯ ಇಪ್ಪತ್ತನೇ ಶತಮಾನದ ಬಹುಕಾಲ ಇಟ್ಟುಕೊಂಡಿದ್ದ ಹೆಸರು 'ಟಾಕ್ಸೀಮಿಯಾ'. ಅಂದರೆ ನೆತ್ತರಲ್ಲಿ ವಿಷ. ಕನ್ನಡದಲ್ಲಿ ಹೇಳಿ: ನಂಜು! ವಿಷ ಯಾವುದೂ ಸಿಗಲಿಲ್ಲವಾಗಿ ಡಾಕ್ಟರುಗಳು ಹೆಸರು ಬದಲಿಸಿದರು. ನಮ್ಮವರಿಗೆ ಬದಲಾದ ಸುದ್ದಿಯನ್ನು ಯಾರೂ ಹೇಳಲಿಲ್ಲ. ಅದರ ಫಲ ಏನು? ಬಾಣಂತಿಗೆ ನಂಜು ಎಂದು ಪಥ್ಯ ಮಾಡಿಸಿ ಅನ್ನ ನೀರು ಕಟ್ಟುತ್ತಾರೆ, ಆಸ್ಪತ್ರೆಗೆ ಓಡಬೇಕಾದ ಊತಕ್ಕೂ ಅದೇ ಪದ, ಅದೇ ಪಥ್ಯ. ಪದ ಕಲಸಿಹೋದಲ್ಲಿ ಜೀವ ಹೋಗುತ್ತದೆ. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಹೆರಿಗೆಗೆ 69 ತಾಯಂದಿರು ಸತ್ತರು. ಪಕ್ಕದ ಕೇರಳದಲ್ಲಿ 19. ಆ ಹೊತ್ತಿಗೆ ನಮ್ಮಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಗಾಡಿ ಆಸ್ಪತ್ರೆ ಬಾಗಿಲಿಗೆ ಮುಟ್ಟಿದರೆ ಮುಗಿಯಿತು ಎಂದುಕೊಂಡವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಈಗ 'ಆಪ್ರೇಸನ್ನು'. ಹಳ್ಳಿಯಲ್ಲಿ ಹೆಂಗಸಿಗೆ "ಆಪ್ರೇಸನ್ ಆಯ್ತಾ?" ಎಂದರೆ ಒಂದೇ ಅರ್ಥ. ಮಕ್ಕಳಾಗದ ಹಾಗೆ ನಾಳ ಕಟ್ಟಿಸುವುದು. ಸರ್ಕಾರಿ ಕನ್ನಡದಲ್ಲಿ ಇದಕ್ಕೆ 'ಸಂತಾನಹರಣ ಶಸ್ತ್ರಚಿಕಿತ್ಸೆ'. ಹರಣ ಎಂದರೆ ಕದ್ದೊಯ್ಯುವುದು. ಸೀತಾಪಹರಣದಲ್ಲಿ ಇರುವುದು ಅದೇ ಧಾತು. 1975–77ರ ತುರ್ತುಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದು ಹಿಡಿದು ಕೊಯ್ದಾಗ ಸಂಸ್ಕೃತ ನಿಜವನ್ನೇ ಹೇಳಿತ್ತು. ಆಮೇಲೆ 1977ರಲ್ಲಿ 'ಕುಟುಂಬ ಯೋಜನೆ'ಗೆ 'ಕುಟುಂಬ ಕಲ್ಯಾಣ' ಎಂದು ಹೊಸ ಅಂಗಿ ತೊಡಿಸಿದರು. ಕಲ್ಯಾಣದ ಭಾರ ಯಾರ ಮೇಲೆ ಬಿತ್ತು? 2019–21ರ ಸಮೀಕ್ಷೆ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸರದು ಸಣ್ಣ ಆಪರೇಷನ್ನು, ಸುಲಭದ್ದು. ಆದರೂ ಸೊನ್ನೆ. 'ಬಂಜೆ' ಎಂಬ ಪದಕ್ಕೆ ಪುಲ್ಲಿಂಗ ಇಲ್ಲದ ಭಾಷೆಯಲ್ಲಿ ಇದೇನೂ ಆಶ್ಚರ್ಯವಲ್ಲ.

ಪದದಿಂದ ಗರ್ಭಕೋಶವನ್ನೇ ದೋಚಿದ ಕತೆ ಕಲಬುರಗಿಯದು. ತಾಂಡಾದ ಲಂಬಾಣಿ ಹೆಂಗಸರು, ದಲಿತ ಕೇರಿಯ ಹೆಂಗಸರು ಹೊಟ್ಟೆನೋವು, ಬಿಳಿ ಹೋಗುವುದು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದರೆ, ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಗರ್ಭಕೋಶ ತೆಗೆದರು. 2015ರಲ್ಲಿ ಅದು ದೊಡ್ಡದಾಗಿ ಬಯಲಾಯಿತು, ಹೆಂಗಸರು ಬೀದಿಗಿಳಿದರು. ಅಂಡಾಶಯವೂ ಹೋದರೆ ಮೂವತ್ತರ ಹರೆಯದಲ್ಲೇ ಮುಟ್ಟು ನಿಂತು ಮೂಳೆ ಟೊಳ್ಳಾಗುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಗುಳಿಗೆಯಲ್ಲಿ ವಾಸಿಯಾಗಬಹುದಾದ ಸೋಂಕಿಗೂ, ಕ್ಯಾನ್ಸರಿಗೂ ನಡುವೆ ಇರುವ ದೂರವನ್ನು ಹೇಳುವ ಪದಗಳು ಅವರ ಕೈಗೆ ಸಿಕ್ಕಿದ್ದರೆ ಅವರು ಎದ್ದು ಬರುತ್ತಿದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದ್ದು 2023ರ ಏಪ್ರಿಲಿನಲ್ಲಿ. ಎಂಟು ವರ್ಷದ ಮೇಲೆ.

ಈ ಕತೆ ನಮ್ಮದೊಂದೇ ಅಲ್ಲ. ಪ್ರಸೂತಿ ವಾರ್ಡುಗಳಲ್ಲಿ ಹೆಂಗಸರನ್ನು ಪರೀಕ್ಷಿಸಲು ಬಳಸುವ ಸಿಮ್ಸ್ ಸ್ಪೆಕ್ಯುಲಮ್ ಎಂಬ ಉಪಕರಣ ಇದೆ. ಸಿಮ್ಸ್ ಎಂಬ ಡಾಕ್ಟರು 1845ರಿಂದ 1849ರವರೆಗೆ ಅಮೆರಿಕದ ಅಲಬಾಮದಲ್ಲಿ ಗುಲಾಮ ಕಪ್ಪು ಹೆಂಗಸರ ಮೇಲೆ ಮೈಮರೆಸುವ ಮದ್ದಿಲ್ಲದೆ ಪ್ರಯೋಗ ಮಾಡಿ ತನ್ನ ಶಸ್ತ್ರಚಿಕಿತ್ಸೆ ಕಲಿತ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ಉಳಿದಿವೆ. ಅನಾರ್ಕಾಳನ್ನು ಸುಮಾರು ಮೂವತ್ತು ಸಲ ಕೊಯ್ದ. ಉಪಕರಣಕ್ಕೆ ಅವನ ಹೆಸರು, ಮೈ ಅವಳದು. ನ್ಯೂಯಾರ್ಕಿನ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಅವನು ಕೊಯ್ದ ಊರಾದ ಮಾಂಟ್ಗೊಮರಿಯಲ್ಲಿ 2021ರಲ್ಲಿ ಆ ಮೂವರು ಹೆಂಗಸರ ಪ್ರತಿಮೆ ಎದ್ದಿತು. ಹೆಸರು ಬದಲಿಸುವುದು ಆಗದ ಕೆಲಸವಲ್ಲ.

6

ಕೊನೆಗೆ, ಇಲ್ಲದ ಪದದ ಮಾತು. ಲೇಬರ್ ವಾರ್ಡಿನಲ್ಲಿ ಬೇನೆ ತಿನ್ನುವವಳ ತೊಡೆಗೆ ಹೊಡೆಯುತ್ತಾರೆ. "ಗಂಡನ ಹತ್ರ ಮಲಗುವಾಗ ಚೆನ್ನಾಗಿತ್ತಾ, ಈಗ ಕಿರುಚ್ತೀಯ?" ಎನ್ನುತ್ತಾರೆ. ಜಾತಿ ಕೇಳಿ ದೂರ ನಿಲ್ಲುತ್ತಾರೆ. ಮನೆಗೆ ಬಂದವಳನ್ನು ಏನಾಯಿತವ್ವ ಎಂದರೆ, "ಬೈದ್ರು" ಅನ್ನುತ್ತಾಳೆ. ಅಷ್ಟೇ. ಬೈದರು ಎಂಬುದಕ್ಕೆ ಕೇಸಾಗುವುದಿಲ್ಲ.

ವೆನಿಜುವೆಲಾ ದೇಶ 2007ರಲ್ಲಿ ಇದಕ್ಕೆ ಹೆಸರಿಟ್ಟು ಕಾನೂನಿನಲ್ಲಿ ಬರೆಯಿತು: ಹೆರಿಗೆಯಲ್ಲಿ ನಡೆಸುವ ಹಿಂಸೆ. ನಮ್ಮ ದೇಶದಲ್ಲಿ 2017ರಲ್ಲಿ ಬಂದ 'ಲಕ್ಷ್ಯ' ಎಂಬ ಯೋಜನೆ ಗೌರವದ ಆರೈಕೆ ಕೊಡಬೇಕು ಎನ್ನುತ್ತದೆ. ಗೌರವ ಎಂಬುದು ಕೊಡುವವರ ಪದ. ಬೇಕಾದರೆ ಕೊಡುತ್ತಾರೆ. ನಮಗೆ ಬೇಕಾದದ್ದು ಕೇಳುವವಳ ಪದ.

1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತಲ್ಲ, ಅದಕ್ಕೆ ಮುಂಚೆ ನಮ್ಮ ಮೇಲೆ ಆಗುತ್ತಿದ್ದದ್ದು ಏನು? ಬೈಗುಳ, ಹೊಡೆತ, ಹಣೆಬರಹ. ಕಾಯ್ದೆ ಒಂದು ಪದ ಕೊಟ್ಟಿತು. ಈವತ್ತು ಓದುಬರಹ ಇಲ್ಲದ ಮುದುಕಪ್ಪನೂ "ಅಟ್ರಾಸಿಟಿ ಹಾಕ್ತೀನಿ" ಎಂದರೆ ಗೌಡನ ಕೈ ಅರ್ಧಕ್ಕೆ ನಿಲ್ಲುತ್ತದೆ. ಆ ಪದ ಇಂಗ್ಲಿಷಿನದು. ಇಂಗ್ಲಿಷಿನದೆಂದು ಅದನ್ನು ಯಾರೂ ಬಿಡಲಿಲ್ಲ. ಕೇರಿ ಅದನ್ನು ಕೈಗೆತ್ತಿಕೊಂಡಿತು, ಯಾಕೆಂದರೆ ಅದು ಕೆಲಸಕ್ಕೆ ಬಂತು. ಪದದ ಕುಲ ಮುಖ್ಯವಲ್ಲ, ಅದು ಯಾರ ಕೈಯಲ್ಲಿ ಆಯುಧವಾಗುತ್ತದೆ ಎಂಬುದು ಮುಖ್ಯ. ಈ ಅಳತೆಗೋಲಿನಿಂದಲೇ ನಾವು ಮೂರು ಭಾಷೆಗಳನ್ನೂ ಅಳೆಯುತ್ತಿದ್ದೇವೆ. ಹಾಗಾಗಿ ಲೇಬರ್ ವಾರ್ಡಿನಲ್ಲಿ ಆಗುವುದನ್ನು 'ಹೆರಿಗೆ ದೌರ್ಜನ್ಯ' ಎಂದೇ ಕರೆಯೋಣ. ಬೈದರು ಎಂದು ಬರೆಯುವಲ್ಲೆಲ್ಲ ಇದನ್ನು ಬರೆಯೋಣ. ಅರ್ಜಿಯಲ್ಲಿ, ವರದಿಯಲ್ಲಿ, ಕವಿತೆಯಲ್ಲಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನಮ್ಮ ಮನವಿ: ಸಂತಾನೋತ್ಪತ್ತಿ ಪಾಠ ಬಂದಾಗ "ಮನೇಲಿ ಓದ್ಕೊಳ್ಳಿ" ಅನ್ನಬೇಡಿ. ಓದಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಜರಾಯು ಎಂದ ಮೇಲೆ ಮಾಸು ಎನ್ನಿ, ಗರ್ಭಕಂಠ ಎಂದ ಮೇಲೆ ಗರ್ಭದ ಬಾಯಿ ಎನ್ನಿ, ಹುಡುಗರೂ ಕೂತಿರಲಿ. ವಿದ್ಯಾರ್ಥಿ ಗೆಳೆಯರಿಗೆ: ರಜಕ್ಕೆ ಊರಿಗೆ ಹೋದಾಗ ಅವ್ವ, ಅಜ್ಜಿ, ಸೂಲಗಿತ್ತಿಯರ ಹತ್ತಿರ ಕೂತು ಬಸಿರು ಬಾಣಂತನದ ಪದಗಳನ್ನು ಬರೆದುಕೊಳ್ಳಿ. ಜಾನಪದದ ಎಂ.ಫಿಲ್‌ಗಲ್ಲ. ನರ್ಸಮ್ಮನ ಟೇಬಲ್ಲಿನ ಮೇಲೆ ಇಡುವುದಕ್ಕೆ. ಸಂಘಟನೆಯ ಗೆಳೆಯರಿಗೆ: ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಆ ಸೀಮೆಯ ಮಾತಿನಲ್ಲಿ ಹೀಗೆ ಬರೆಸಿ. "ಮುಖ ಕೈ ಊದಿ ತಲೆ ಸಿಡಿದರೆ, ಕಣ್ಣು ಮಂಜಾದರೆ, ಬೇನೆಗೆ ಮುಂಚೆ ನೆತ್ತರು ಕಂಡರೆ, ಕೂಸು ಹುಟ್ಟಿ ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಬಾಣಂತಿಗೆ ಚಳಿಜ್ವರ ಬಂದರೆ, ತಡ ಮಾಡಬೇಡಿ, ಕಾರ್ಡು ಹುಡುಕುತ್ತಾ ನಿಲ್ಲಬೇಡಿ." ಹೆಬ್ಬೆಟ್ಟು ಒತ್ತಿಸುವ ಕಾಗದವನ್ನು ಅವಳ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳದೆ ಒತ್ತಿಸಬಾರದು ಎಂದು ಪಟ್ಟು ಹಿಡಿಯಿರಿ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಹೆಂಗಸರು ಒಬ್ಬರ ಹಿಂದೊಬ್ಬರು ಸತ್ತರು, ಐದು ಜನ. ಏರಿಸಿದ ಗ್ಲೂಕೋಸಿನಂಥ ದ್ರವದ ಮೇಲೆ ಅನುಮಾನ ಬಂತು. ಕಡತದಲ್ಲಿ ಅದು 'ತಾಯಿ ಮರಣ'. ಪತ್ರಿಕೆಗಳು ಬರೆದದ್ದು 'ಬಾಣಂತಿಯರ ಸಾವು' ಎಂದು. ಬಾಣಂತಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಾಡಿಗೆ ಎದೆಯಲ್ಲಿ ಹಾಲಿರುವ, ಮಗ್ಗುಲಲ್ಲಿ ಕೂಸಿರುವ ಹೆಂಗಸು ಕಂಡಳು. ವಿಧಾನಸೌಧ ಉತ್ತರ ಹೇಳಬೇಕಾಯಿತು. ನಮ್ಮ ಮಾತಿಗೆ ಅಷ್ಟು ತಾಕತ್ತಿದೆ. ಅದರ ಮೈಲಿಗೆಯನ್ನು ಕಿತ್ತೊಗೆದು, ತಾಕತ್ತನ್ನು ಉಳಿಸಿಕೊಳ್ಳಬೇಕು.